ತಿಲಾಫುಶಿ: ಕಸದಿಂದ ವಿದ್ಯುತ್ ಯೋಜನೆಯ ಇತಿಹಾಸ

ಮಾಲ್ದೀವ್ಸ್‌ನ ರಾಜಧಾನಿ ಮಾಲೆಯ ಪಶ್ಚಿಮಕ್ಕೆ ಸುಮಾರು 7 ಕಿ.ಮೀ. ದೂರದಲ್ಲಿರುವ ಮಾನವನಿರ್ಮಿತ ದ್ವೀಪ ತಿಲಾಫುಶಿ. ಇಲ್ಲಿ ಕಸದಿಂದ ವಿದ್ಯುತ್ ತಯಾರಿಸುವ ಮಾತು ಹಲವು ಬಾರಿ ಎದ್ದಿದೆ. ಘೋಷಣೆ, ಒಪ್ಪಂದ, ಉತ್ಪಾದನೆ ಈ ಮೂರನ್ನು ಬಿಡಿಬಿಡಿಯಾಗಿ ನೋಡದಿದ್ದರೆ ಇತಿಹಾಸ ಗೋಜಲಾಗುತ್ತದೆ.

ದ್ವೀಪದ ಹುಟ್ಟು ಸ್ಪಷ್ಟವಾಗಿ ದಾಖಲಾಗಿದೆ. ಮಾಲೆಯ ಕಸ ಹಾಕಲು ತಿಲಾಫಲ್ಹು ಎಂಬ ಆಳವಿಲ್ಲದ ಹವಳದ ಲಗೂನನ್ನು ಬಳಸುವ ನಿರ್ಧಾರವಾದದ್ದು 1991ರ ಡಿಸೆಂಬರ್‌ನಲ್ಲಿ. ಮರುತಿಂಗಳೇ ಕಸ ಬಂತು. ಹೊಂಡ ತೋಡಿ, ತೆಗೆದ ಮರಳಿನಿಂದ ಒಡ್ಡು ಕಟ್ಟಿ, ಒಳಗೆ ಕಸ ಸುರಿದು, ಮೇಲೆ ಕಟ್ಟಡದ ಅವಶೇಷ ಮತ್ತು ಬಿಳಿ ಮರಳು ಹರಡುತ್ತಿದ್ದರು. ಮುಂದೆ ನೆಲ ಉದ್ಯಮಗಳಿಗೆ ಗುತ್ತಿಗೆಗೆ ಹೋಯಿತು. ಕಸ ಮಾತ್ರ ಬಯಲಲ್ಲೇ ಉರಿಯಿತು. ಗಾಳಿ ತಿರುಗಿದಾಗ ಹೊಗೆ ಮಾಲೆಯ ಮನೆಗಳಿಗೂ ನುಗ್ಗುತ್ತಿತ್ತು.

ವಿದ್ಯುತ್ತಿನ ಮೊದಲ ದೊಡ್ಡ ಪ್ರಯತ್ನ 2011ರದು. ಭಾರತದ ತತ್ವ ಗ್ಲೋಬಲ್ ರಿನ್ಯೂವಬಲ್ ಎನರ್ಜಿ ಕಂಪನಿಯೊಂದಿಗೆ ಸರ್ಕಾರ 20 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಸ್ಥಾವರ ತಲೆ ಎತ್ತುವ ಮೊದಲೇ, 2014ರಲ್ಲಿ ಅದು ರದ್ದಾಯಿತು. ಹೀಗಾಗಿ 2011 ಒಪ್ಪಂದದ ವರ್ಷವೇ ಹೊರತು ಉತ್ಪಾದನೆಯದಲ್ಲ. 2011ರ ಡಿಸೆಂಬರ್‌ನಲ್ಲಿ ಕಸ ಉಕ್ಕಿ ಸಮುದ್ರ ಸೇರಿದ್ದರಿಂದ ಸುರಿಯುವುದನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ಎರಡನೆಯ ಪ್ರಯತ್ನಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಜೊತೆಯಾಯಿತು. 2018ರ ಮೊದಲ ಹಂತ ಸಂಗ್ರಹಣೆ, ಸಾಗಣೆಗೆ ಮೀಸಲಾಗಿತ್ತು. ಸ್ಥಾವರ ಯೋಜನೆಗೆ ಸೇರಿದ್ದು 2020ರಲ್ಲಿ ಮಂಜೂರಾದ, ಸುಮಾರು 15.1 ಕೋಟಿ ಡಾಲರ್‌ಗಳ ಎರಡನೆಯ ಹಂತದಲ್ಲಿ. ದಿನಕ್ಕೆ ತಲಾ 250 ಟನ್ ಸುಡುವ ಎರಡು ಘಟಕಗಳು, ಸ್ವಂತ ಬಳಕೆ ಕಳೆದು 8 ಮೆಗಾವಾಟ್ ವಿದ್ಯುತ್ ಎಂಬುದು ಅದರ ವಿನ್ಯಾಸ. ಬಹುಪಾಲು ವಿದ್ಯುತ್ತನ್ನು ಆಮದು ಡೀಸೆಲ್‌ನಿಂದಲೇ ಪಡೆಯುತ್ತ ಬಂದ ದೇಶಕ್ಕೆ ಇದು ಸಣ್ಣ ಮಾತಲ್ಲ.

ಆದರೆ ಜನರ ಬದುಕನ್ನು ಮೊದಲು ಮುಟ್ಟಿದ ತಿರುವು ವಿದ್ಯುತ್ತಿಗೆ ಸಂಬಂಧಿಸಿದ್ದಲ್ಲ. 2021ರಲ್ಲಿ ಸರ್ಕಾರಿ ಕಸ ನಿರ್ವಹಣಾ ಸಂಸ್ಥೆ ವ್ಯಾಮ್ಕೊ ಬಯಲು ಸುಡುವಿಕೆಯನ್ನು ನಿಲ್ಲಿಸಿ, ಕಸವನ್ನು ಒತ್ತಿ ಪ್ಲಾಸ್ಟಿಕ್ ಸುತ್ತಿದ ಮೂಟೆಗಳಾಗಿ ಪೇರಿಸತೊಡಗಿತು. ಮೂವತ್ತು ವರ್ಷಗಳ ಹೊಗೆಗೆ ತಡೆ ಬಿದ್ದದ್ದು ಹೀಗೆ.

ತಾಂತ್ರಿಕ ತೊಡಕು ಕಸದ ಗುಣದಲ್ಲೇ ಇದೆ. ಅಡುಗೆಮನೆಯ ಹಸಿ ಕಸ ಹೆಚ್ಚಿದ್ದಷ್ಟೂ ಶಾಖದ ಹೆಚ್ಚು ಭಾಗ ನೀರು ಆವಿಯಾಗಿಸುವುದಕ್ಕೇ ಹೋಗುತ್ತದೆ. ಸುಟ್ಟ ಮೇಲೂ ಬೂದಿ ಉಳಿಯುತ್ತದೆ. ಆದ್ದರಿಂದ ತಳಬೂದಿಯ ಮರುಬಳಕೆಗೂ, ಹೊಗೆ ಶುದ್ಧೀಕರಣದಲ್ಲಿ ಸಿಗುವ ವಿಷಕಾರಿ ಹುಡಿಯನ್ನು ಹೂಳುವ ಪ್ರತ್ಯೇಕ ಭರ್ತಿ ಜಾಗಕ್ಕೂ ಯೋಜನೆಯಲ್ಲೇ ಅವಕಾಶ ಮಾಡಲಾಗಿದೆ.