ಮರಣ ದಾಖಲೆಯಿಂದ ಡಿಎನ್‌ಎವರೆಗೆ: ಅನ್ನನಾಳದ ಕ್ಯಾನ್ಸರ್, ಮದ್ಯ ಮತ್ತು ಲಂಡನ್

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಿಲಿಯಂ ಫಾರ್ ಎಂಬ ವೈದ್ಯರು ಲಂಡನ್ನಿನ ಸಾಮರ್ಸೆಟ್ ಹೌಸ್‌ನಲ್ಲಿದ್ದ ಜನನ-ಮರಣ ನೋಂದಣಿ ಕಚೇರಿಯಲ್ಲಿ ಇಡೀ ಇಂಗ್ಲೆಂಡಿನ ಸಾವಿನ ಲೆಕ್ಕವನ್ನು ಕಸುಬಿನ ಪ್ರಕಾರ ವಿಂಗಡಿಸಲು ತೊಡಗಿದರು. ಸತ್ತವರು ಕಮ್ಮಾರರೋ, ಗುಮಾಸ್ತರೋ, ಹೆಂಡದಂಗಡಿಯವರೋ ಎಂಬುದನ್ನು 1851ರ ಜನಗಣತಿಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದಾಗ, ಮದ್ಯ ಮಾರುವವರು ಉಳಿದವರಿಗಿಂತ ಬೇಗ ಸಾಯುತ್ತಿದ್ದದ್ದು ಕಣ್ಣಿಗೆ ಬಿತ್ತು. ಅನ್ನನಾಳದ ಕ್ಯಾನ್ಸರಿಗೂ ಮದ್ಯಕ್ಕೂ ಇರುವ ನಂಟಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪ್ರಯೋಗಶಾಲೆಯಿಂದ ಆರಂಭಿಸುತ್ತಾರೆ. ಈ ದಫ್ತರಗಳಿಂದ ಆರಂಭಿಸುವುದು ಹೆಚ್ಚು ನ್ಯಾಯವೆಂದು ನನಗೆ ಅನ್ನಿಸುತ್ತದೆ.

1903ರಲ್ಲಿ ಆರ್ಥರ್ ನ್ಯೂಸ್‌ಹೋಮ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಕ್ಯಾನ್ಸರ್ ಸಾವುಗಳ ಹೆಚ್ಚಳಕ್ಕೆ ಮದ್ಯಸೇವನೆ ಕಾರಣವಿರಬಹುದೇ ಎಂಬ ಪ್ರಶ್ನೆಯನ್ನೆತ್ತಿದರು. 1926ರಲ್ಲಿ ಮ್ಯಾಥ್ಯೂ ಯಂಗ್ ಮತ್ತು ರಸೆಲ್ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ಗಾಗಿ ಬರೆದ ವರದಿಯಲ್ಲಿ ಚಿತ್ರ ಸ್ಪಷ್ಟವಾಯಿತು: ಮದ್ಯ ಸುಲಭವಾಗಿ ಕೈಗೆಟಕುವ ಕಸುಬುಗಳಲ್ಲಿ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ಗಳು ಹೆಚ್ಚಾಗಿದ್ದವು. ಆದರೆ ಕುಡಿಯುವವರಲ್ಲಿ ಬಹುಪಾಲು ಜನ ಧೂಮಪಾನಿಗಳೂ ಆಗಿದ್ದರು. ಎರಡರಲ್ಲಿ ಯಾವುದರ ಪಾಲು ಎಷ್ಟು? ಇದಕ್ಕೆ ಉತ್ತರ ಬರಲು ಅರ್ಧ ಶತಮಾನವೇ ಬೇಕಾಯಿತು. 1977ರಲ್ಲಿ ಫ್ರಾನ್ಸಿನ ಇಲ್-ಎ-ವಿಲೇನ್ ಪ್ರದೇಶದ ರೋಗಿಗಳನ್ನು ಅಭ್ಯಸಿಸಿದ ಟಾಯ್ನ್ಸ್ ಮತ್ತು ಸಂಗಡಿಗರು, ಮದ್ಯ ಮತ್ತು ತಂಬಾಕು ಜೊತೆಯಾದಾಗ ಅಪಾಯ ಕೂಡುವುದಷ್ಟೇ ಅಲ್ಲ, ಗುಣಿಸುತ್ತದೆ ಎಂದು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1988ರಲ್ಲಿ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು.

ದೇಹದೊಳಗೆ ನಡೆಯುವುದೇನು? ಆಲ್ಕೊಹಾಲ್ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಆಮೇಲೆ ನಿರುಪದ್ರವಿ ಅಸಿಟೇಟ್. ನಡುವಣ ಅಸಿಟಾಲ್ಡಿಹೈಡ್ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸಬಲ್ಲದು. ಎಎಲ್‌ಡಿಎಚ್2 ಎಂಬ ಕಿಣ್ವ ಅದನ್ನು ಬೇಗ ಇಲ್ಲವಾಗಿಸುತ್ತದೆ. ಪೂರ್ವ ಏಷ್ಯಾದ ಕೋಟ್ಯಂತರ ಜನರಲ್ಲಿ ಈ ಕಿಣ್ವದ ದುರ್ಬಲ ರೂಪ ಹುಟ್ಟಿನಿಂದಲೇ ಇದೆ. ಸ್ವಲ್ಪ ಕುಡಿದರೂ ಅವರ ಮುಖ ಕೆಂಪೇರುತ್ತದೆ. ಇಂಥವರು ಕುಡಿತ ರೂಢಿಸಿಕೊಂಡರೆ ಅನ್ನನಾಳದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚು ಎಂಬುದನ್ನು 1990ರ ದಶಕದಲ್ಲಿ ಜಪಾನಿನ ಸಂಶೋಧಕರು ತೋರಿಸಿಕೊಟ್ಟರು.

ಡಿಎನ್‌ಎಯಲ್ಲಾಗುವ ಇಂಥ ಬದಲಾವಣೆಗಳ, ಅಂದರೆ ಉತ್ಪರಿವರ್ತನೆಗಳ, ಕಥೆ ಮತ್ತೆ ಲಂಡನ್ನಿಗೆ ಮರಳುತ್ತದೆ. 1979ರಲ್ಲಿ ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿದ್ದ ಇಂಪೀರಿಯಲ್ ಕ್ಯಾನ್ಸರ್ ರಿಸರ್ಚ್ ಫಂಡ್‌ನ ಪ್ರಯೋಗಾಲಯದಲ್ಲಿ ಡೇವಿಡ್ ಲೇನ್ ಮತ್ತು ಲಯನೆಲ್ ಕ್ರಾಫರ್ಡ್ ವೈರಸ್ಸೊಂದರ ಪ್ರೋಟೀನಿಗೆ ಅಂಟಿಕೊಂಡಿದ್ದ ಇನ್ನೊಂದು ಪ್ರೋಟೀನನ್ನು ಗುರುತಿಸಿದರು. ಅದೇ ಕಾಲಕ್ಕೆ ಅಮೆರಿಕ, ಫ್ರಾನ್ಸ್‌ಗಳಲ್ಲೂ ಅದು ಕಂಡಿತ್ತು. ಅದೇ ಪಿ53. ಹತ್ತು ವರ್ಷ ಅದನ್ನು ಕ್ಯಾನ್ಸರ್ ಬೆಳೆಸುವ ವಂಶವಾಹಿಯ ಉತ್ಪನ್ನವೆಂದೇ ತಿಳಿದಿದ್ದರು. ಕ್ಯಾನ್ಸರನ್ನು ತಡೆಯುವ ವಂಶವಾಹಿ ಅದು, ಕೆಟ್ಟಾಗಲಷ್ಟೇ ಅಪಾಯ ಎಂಬುದು ತಿಳಿದದ್ದು 1989ರಲ್ಲಿ. ಮರುವರ್ಷವೇ ಮೋನಿಕಾ ಹಾಲ್‌ಸ್ಟೀನ್ ಮತ್ತು ಸಂಗಡಿಗರು ಅನ್ನನಾಳದ ಗೆಡ್ಡೆಗಳಲ್ಲಿ ಪಿ53 ಪದೇ ಪದೇ ಕೆಟ್ಟಿರುವುದನ್ನು ವರದಿ ಮಾಡಿದರು.

ಕುಡಿತದ ಹಂಗಿಲ್ಲದೆಯೂ ಅನ್ನನಾಳದ ಕ್ಯಾನ್ಸರ್ ವಂಶದಲ್ಲಿ ಹರಿದುಬರಬಲ್ಲದು. ಅಂಗೈ-ಅಂಗಾಲಿನ ಚರ್ಮ ದಪ್ಪಗಟ್ಟುವ ಟೈಲೋಸಿಸ್ ಜೊತೆಗೆ ಈ ಕ್ಯಾನ್ಸರೂ ಕಾಣಿಸಿಕೊಳ್ಳುತ್ತಿದ್ದ ಲಿವರ್‌ಪೂಲಿನ ಕುಟುಂಬಗಳನ್ನು 1958ರಲ್ಲಿ ಹೋವೆಲ್-ಇವಾನ್ಸ್ ವರ್ಣಿಸಿದ್ದರು. ಅದಕ್ಕೆ ಕಾರಣವಾದ ಆರ್‌ಎಚ್‌ಬಿಡಿಎಫ್2 ಎಂಬ ವಂಶವಾಹಿಯನ್ನು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಡೇವಿಡ್ ಕೆಲ್ಸೆಲ್ ಅವರ ತಂಡ 2012ರಲ್ಲಿ ಪತ್ತೆಹಚ್ಚಿತು.

ಇಲ್ಲೊಂದು ಭೇದವನ್ನು ಮರೆಯಬಾರದು, ಮರೆತವರೇ ಹೆಚ್ಚು. ಅನ್ನನಾಳದ ಕ್ಯಾನ್ಸರ್ ಒಂದಲ್ಲ, ಎರಡು. ಒಳಪದರದ ಚಪ್ಪಟೆ ಜೀವಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಬಗೆಗೆ ಮದ್ಯದ ನಂಟು ಗಟ್ಟಿಯಾಗಿದೆ. ಕೆಳತುದಿಯಲ್ಲಿ ಹುಟ್ಟುವ ಅಡೆನೊಕಾರ್ಸಿನೋಮಕ್ಕೆ ಆ ನಂಟು ಕಂಡುಬಂದಿಲ್ಲ. ಅದರ ಮೂಲ ಹೊಟ್ಟೆಯ ಆಮ್ಲ ಮೇಲೇರುವುದರಲ್ಲಿ, ಬೊಜ್ಜಿನಲ್ಲಿ ಇದೆ. ಆಮ್ಲದಿಂದ ಬದಲಾದ ಒಳಪದರಕ್ಕೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಅವರ ಹೆಸರೇ ಉಳಿದಿದೆ, 1950ರ ಅವರ ಲೇಖನದಿಂದ. ಇಂದು ಬ್ರಿಟನ್ನಿನಲ್ಲಿ ಈ ಎರಡನೆಯ ಬಗೆಯೇ ಹೆಚ್ಚು. ಏಷ್ಯಾ ಮತ್ತು ಪೂರ್ವ ಆಫ್ರಿಕಾದಲ್ಲಿ ಮೊದಲನೆಯದು.

2017ರಲ್ಲಿ ಕ್ಯಾನ್ಸರ್ ರಿಸರ್ಚ್ ಯುಕೆ 2 ಕೋಟಿ ಪೌಂಡ್ ನೀಡಿ ಮ್ಯುಟೋಗ್ರಾಫ್ಸ್ ಯೋಜನೆಯನ್ನು ಆರಂಭಿಸಿತು. ಮುಂದಾಳು ಕೇಂಬ್ರಿಜ್ ಬಳಿಯ ಸ್ಯಾಂಗರ್ ಸಂಸ್ಥೆಯ ಮೈಕ್ ಸ್ಟ್ರಾಟನ್. ಪಾಲುದಾರರಲ್ಲೊಬ್ಬರು ಲಂಡನ್ನಿನ ಕಿಂಗ್ಸ್ ಕಾಲೇಜಿನ ಡೇವಿಡ್ ಫಿಲಿಪ್ಸ್. ಆ ಕಾಲೇಜಿನ ಹಳೆಯ ಕಟ್ಟಡ ಸಾಮರ್ಸೆಟ್ ಹೌಸ್‌ಗೆ ಹೊಂದಿಕೊಂಡೇ ಇದೆ. ತಂಬಾಕಾಗಲಿ ಬಿಸಿಲಾಗಲಿ ಡಿಎನ್‌ಎಯನ್ನು ಕೆಡಿಸುವಾಗ ತನ್ನದೇ ಛಾಪು ಬಿಟ್ಟಿರುತ್ತದೆ. ಕಳ್ಳನ ಬೆರಳಚ್ಚಿನ ಹಾಗೆ ಅದನ್ನು ಗೆಡ್ಡೆಯಲ್ಲಿ ಓದಬಹುದು ಎಂಬುದು ಯೋಜನೆಯ ಆಧಾರ. 2021ರಲ್ಲಿ ಎಂಟು ದೇಶಗಳ 552 ಸ್ಕ್ವಾಮಸ್ ಗೆಡ್ಡೆಗಳ ಪೂರ್ಣ ಜೀನೋಮ್ ಓದಿ ಫಲಿತಾಂಶ ಪ್ರಕಟಿಸಿದರು.

ಮದ್ಯದ ಛಾಪು ಅಲ್ಲಿತ್ತು. ಎಸ್‌ಬಿಎಸ್16 ಎಂದು ಕರೆಯುವ ಆ ವಿನ್ಯಾಸದಲ್ಲಿ ಡಿಎನ್‌ಎಯ ಟಿ ಅಕ್ಷರದ ಜಾಗಕ್ಕೆ ಸಿ ಬಂದು ಕೂರುತ್ತದೆ. ಕುಡಿಯುವವರಲ್ಲಿ, ಅದರಲ್ಲೂ ಎಎಲ್‌ಡಿಎಚ್2 ದುರ್ಬಲವಿದ್ದವರಲ್ಲಿ ಅದು ಎದ್ದು ಕಾಣುತ್ತಿತ್ತು. ಆದರೆ ಒಟ್ಟು ಉತ್ಪರಿವರ್ತನೆಗಳಲ್ಲಿ ಮದ್ಯದ ಪಾಲು ಸಾಧಾರಣವಾಗಿತ್ತು. ಜೀವಕೋಶದ ಸ್ವಂತ ಕಿಣ್ವಗಳಾದ ಅಪೋಬೆಕ್ ಗುಂಪು ಎಬ್ಬಿಸಿದ ಬದಲಾವಣೆಗಳೇ ಸರಾಸರಿ ಶೇ. 25ರಷ್ಟಿದ್ದವು. ರೋಗ ವಿಪರೀತವಿರುವ ದೇಶಗಳಿಗೂ ವಿರಳವಾಗಿರುವ ದೇಶಗಳಿಗೂ ಇರುವ ಅಂತರವನ್ನು ವಿವರಿಸುವ ಹೊರಗಿನ ಛಾಪು ಸಿಗಲೇ ಇಲ್ಲ.

ಇದನ್ನು ಓದಿ ಮದ್ಯ ಅಷ್ಟೇನೂ ದೋಷಿಯಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು. ಆರೋಗ್ಯವಂತರ ಅನ್ನನಾಳದಲ್ಲೂ ವಯಸ್ಸಾದಂತೆ ನಾಚ್1ನಂಥ ವಂಶವಾಹಿಗಳು ಬದಲಾದ ಜೀವಕೋಶಗಳು ಹರಡಿಕೊಳ್ಳುತ್ತವೆ ಎಂದು 2018ರಲ್ಲಿ ಸ್ಯಾಂಗರ್ ತಂಡ ತೋರಿಸಿತು. ಮದ್ಯ, ತಂಬಾಕು ಇದ್ದವರಲ್ಲಿ ಈ ಹರಡುವಿಕೆ ಹೆಚ್ಚೆಂದು 2019ರಲ್ಲಿ ಕ್ಯೋಟೋದ ಸಂಶೋಧಕರು ಕಂಡರು. ಇನ್ನೊಂದು ಸುಳಿವು ಶ್ವಾಸಕೋಶದಿಂದ ಬಂದಿದೆ. ಗಾಳಿಯ ಸೂಕ್ಷ್ಮಕಣಗಳು ಮೊದಲೇ ಉತ್ಪರಿವರ್ತನೆಯಾದ ಕೋಶಗಳನ್ನು ಉರಿಯೂತದ ಮೂಲಕ ಕೆರಳಿಸುತ್ತವೆ ಎಂದು 2023ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಚಾರ್ಲ್ಸ್ ಸ್ವಾಂಟನ್ ತಂಡ ತೋರಿಸಿತು. ಮದ್ಯವೂ ಹೀಗೆ ಎರಡು ದಾರಿಯಲ್ಲಿ ಕೆಲಸ ಮಾಡುತ್ತಿರಬಹುದು ಎಂಬುದು ನನ್ನ ಊಹೆ: ಕೆಲವು ಕೋಶಗಳನ್ನು ತಾನೇ ಕೆಡಿಸುತ್ತ, ಕೆಟ್ಟಿದ್ದವಕ್ಕೆ ಬೆಳೆಯಲು ಜಾಗ ಮಾಡಿಕೊಡುತ್ತ. ಎರಡನೆಯದು ಡಿಎನ್‌ಎಯಲ್ಲಿ ಛಾಪು ಬಿಡುವುದಿಲ್ಲ. ಅದನ್ನು ಹಿಡಿಯಲು ಫಾರ್ ಕಾಲದಂಥ ಲೆಕ್ಕದ ಪುಸ್ತಕಗಳೇ ಬೇಕು.

ಮ್ಯುಟೋಗ್ರಾಫ್ಸ್ ಗೆಡ್ಡೆಗಳನ್ನು ಓದಿದ ಆ ಎಂಟು ದೇಶಗಳಲ್ಲಿ ಭಾರತವಿರಲಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1982ರಿಂದ ನಡೆಯುತ್ತಿದೆ. ಅದರಲ್ಲಿ ಅನ್ನನಾಳದ ಕ್ಯಾನ್ಸರ್ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಮುಂಚೂಣಿಯ ಕ್ಯಾನ್ಸರ್‌ಗಳ ಸಾಲಿನಲ್ಲಿ ಕಾಣಿಸಿಕೊಂಡಿದೆ. ನಮ್ಮ ಹೆಂಗಸರಲ್ಲಿ ಕುಡಿಯುವವರು ಕಡಿಮೆ. ಎಲೆಅಡಿಕೆ, ಹೊಗೆಸೊಪ್ಪು ಜಗಿಯುವವರು ಬಹಳ. ತಂಬಾಕಿಲ್ಲದ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿದೆ. ನಮ್ಮ ಗೆಡ್ಡೆಗಳನ್ನು ಓದುವ ದಿನ ಬಂದಾಗ ಕೇಸ್ ಶೀಟಿನಲ್ಲಿ ಕುಡಿತ, ಜಗಿತ ಎರಡರ ವಿವರವೂ, ಎಷ್ಟು ವರ್ಷ, ಯಾವುದು ಎಂಬುದೂ ಇರಬೇಕು. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕೂ ಮುಂಚೆ ವರ್ಷಗಟ್ಟಲೆ ಸಾರಾಯಿ ಕುಡಿದವರಲ್ಲಿ ಅನೇಕರು ಈಗ ಈ ಕ್ಯಾನ್ಸರ್ ಕಾಣಿಸಿಕೊಳ್ಳುವ ವಯಸ್ಸಿಗೆ ಬಂದಿದ್ದಾರೆ.