ಕೆರೆಗೆ ಸಂದ ದುಡಿಮೆ

ಊರಿನ ಜನರು ಒಟ್ಟುಗೂಡಿ, ಗುದ್ದಲಿ ಪುಟ್ಟಿಗಳನ್ನು ಹಿಡಿದು ಕೆರೆಯ ಹೂಳೆತ್ತುವುದನ್ನು ನಾವು ಶ್ರಮದಾನವೆಂದು ಕರೆಯುತ್ತೇವೆ. ಶಾಲೆಯ ಮಕ್ಕಳಿಂದ ಅದರ ಮೇಲೆ ಪ್ರಬಂಧಗಳನ್ನೂ ಬರೆಯಿಸುತ್ತೇವೆ. ಪದವೇನೋ ಸೊಗಸಾಗಿದೆ. ಆದರೆ ನಮ್ಮ ಮಡಕಶಿರಾ, ರಾಯದುರ್ಗಗಳ ಸೀಮೆಯಲ್ಲಿ ಕೆರೆಗಳನ್ನು ಶತಮಾನಗಳ ಕಾಲ ಉಳಿಸಿದ್ದು ದಾನಬುದ್ಧಿಯೇ ಎಂದು ವಿಚಾರಿಸಹೊರಟರೆ, ಶಾಸನಗಳು ಬೇರೊಂದು ಮಾತನ್ನು ಹೇಳುತ್ತವೆ.

ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಕಾಣುವ ನಾಡಿದು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಮೇಲಿನ ಏರಿ ಒಡೆದರೆ ಕೆಳಗಿನ ಊರಿಗೂ ಕೇಡು. ಆದುದರಿಂದ ಕೆರೆಯ ಕೆಲಸವನ್ನು ಒಬ್ಬೊಬ್ಬರ ಇಚ್ಛೆಗೆ ಬಿಡುವಂತಿರಲಿಲ್ಲ.

ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಸಂಸ್ಕೃತ ಶಾಸನವುಂಟು. ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕೆರೆ ಕಟ್ಟಿಸಿದಾಗ ದಿನವೂ 1,000 ಆಳುಗಳೂ 100 ಬಂಡಿಗಳೂ 2 ವರ್ಷ ದುಡಿದ ಸಂಗತಿಯನ್ನು ಅದು ತಿಳಿಸುತ್ತದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ, ಕೆರೆಗೆ ತಟ್ಟುವ 6 ದೋಷಗಳನ್ನೂ ಅದರಲ್ಲಿ ಎಣಿಸಿದ್ದಾರೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ; ಚೌಳು ನೆಲ ಮತ್ತೊಂದು; ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು! ಗಡಿನಾಡಿನ ವಾಚಕರು ಇಲ್ಲಿ ನಕ್ಕರೆ ತಪ್ಪಲ್ಲ. ನಮ್ಮ ಪೆನ್ನಾನದಿ ನಂದಿಬೆಟ್ಟದಲ್ಲಿ ಹುಟ್ಟಿ, ಹಿಂದೂಪುರದ ಕಡೆಗೆ ಬಂದು, ಪಾವಗಡದ ನೆಲವನ್ನು ಹಾದು ಮರಳಿ ಆಂಧ್ರಕ್ಕೆ ಬರುತ್ತದೆ. ಈ ನದಿಗಳ ಮೇಲೆ ಮೈಸೂರು ಹೊಸ ಕಟ್ಟೆಗಳನ್ನು ಕಟ್ಟಬೇಕಾದರೆ ಮದ್ರಾಸು ಸರ್ಕಾರವನ್ನು ಮೊದಲು ಕೇಳಬೇಕೆಂದು 1892ರಲ್ಲಿ ಒಪ್ಪಂದವೇ ಆಯಿತು.

ಅರಸನು ಕಟ್ಟಿಸಿ ಹೋದ ಮೇಲೆ ಕಾಯುವವರಾರು? ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇವೆಲ್ಲವೂ ಕೆರೆಯನ್ನು ಕಟ್ಟಿದವರಿಗೆ, ಜೀರ್ಣೋದ್ಧಾರ ಮಾಡಿದವರಿಗೆ, ಕಾಪಾಡುವವರಿಗೆ ಸಲ್ಲುವ ಭೂಮಿ ಅಥವಾ ಫಲದ ಪಾಲುಗಳು. ಹೂಳು ಹೊರುವ ಬಂಡಿಗೆಂದೇ ಬಿಟ್ಟ ಮಾನ್ಯಗಳೂ ಇದ್ದುವು. ತೂಬು ತೆಗೆಯುವ ನೀರುಗಂಟಿಗೆ ಕಣದಲ್ಲಿ ಧಾನ್ಯದ ಪಾಲು. ಕಾಲುವೆ ತೋಡುವ, ಏರಿಗೆ ಮಣ್ಣು ಹಾಕುವ ಸಣ್ಣ ಕೆಲಸವೋ ಅಚ್ಚುಕಟ್ಟಿನ ರೈತರ ಪಾಲಿನದು. ಮದ್ರಾಸು ಸರ್ಕಾರದ ಕಡತಗಳಲ್ಲಿ ಇದಕ್ಕೆ ಕುಡಿಮರಾಮತ್ತೆಂದು ಹೆಸರು. ‘ಕೆರೆಗೆ ಹಾರ’ದ ಭಾಗೀರಥಿಗಾಗಿ ನಾವು ಕಣ್ಣೀರಿಟ್ಟಿದ್ದೇವೆ, ವರ್ಷವರ್ಷವೂ ಮಣ್ಣು ಹೊತ್ತವರನ್ನು ಹಾಡಿದವರು ವಿರಳ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವುದೂ ಸಲ್ಲದು. ಹೊಲವಿದ್ದವನು ತನ್ನ ನೀರಿಗಾಗಿ ದುಡಿದನು. ಹೊಲವಿಲ್ಲದವನು ಏರಿಯ ಮೇಲೆ ಮಣ್ಣು ಹೊತ್ತಾಗ ಅದು ಅನೇಕ ವೇಳೆ ಬಿಟ್ಟಿಯಾಗಿತ್ತು. ಅದನ್ನು ದಾನವೆನ್ನುವುದು ಕ್ರೂರವಾದ ಮಾತು.

1800ರಲ್ಲಿ ನಿಜಾಮನು ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟನು. ಕಾಲಕ್ರಮದಲ್ಲಿ ದೊಡ್ಡ ದುರಸ್ತಿ ಸರ್ಕಾರದ್ದಾಯಿತು, ಚಿಕ್ಕದು ರೈತರದಾಗಿ ಉಳಿಯಿತು. ಆದರೆ ಹಿಂದೆ ಆ ದುಡಿಮೆಯನ್ನು ನಡೆಸುತ್ತಿದ್ದ ಊರಿನ ಅಧಿಕಾರ ಸಡಿಲಿತು. 1858ರ ಮದ್ರಾಸು ಕಾಯಿದೆ, ಏರಿ ಒಡೆಯುವ ಅಪಾಯದಲ್ಲಿ ಜನರನ್ನು ಬಲವಂತವಾಗಿ ಕೆಲಸಕ್ಕೆ ಕರೆಯಲು ಅಧಿಕಾರ ಕೊಟ್ಟಿತು. ವಾಡಿಕೆಯ ಕೆಲಸಕ್ಕೆ ಬಾರದವನಿಂದ ಹಣ ವಸೂಲು ಮಾಡುವುದಕ್ಕೂ ಅವಕಾಶವಿತ್ತಿತು. ಊರು ತಾನಾಗಿ ಮಾಡುತ್ತಿದ್ದುದನ್ನು ಕಾಯಿದೆ ಮಾಡಿಸಹೊರಟಿತು. 1901–03ರ ನೀರಾವರಿ ಆಯೋಗದ ಮುಂದೆಯೂ ಕುಡಿಮರಾಮತ್ತಿನ ಪ್ರಶ್ನೆ ಬಂದಿತ್ತು.

ಆಂಧ್ರಪ್ರದೇಶದ 1997ರ ಕಾಯಿದೆ ಅಚ್ಚುಕಟ್ಟಿನ ರೈತರ ಸಂಘಗಳಿಗೆ ಕೆರೆಯ ಆಡಳಿತವನ್ನು ಮರಳಿ ಕೊಡಲು ಯತ್ನಿಸಿತು. ಇನ್ನು ಹೊಲವಿಲ್ಲದವರ ಮಾತು. ದೇಶದ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯನ್ನು 2006ರ ಫೆಬ್ರವರಿ 2ರಂದು ಮೊದಲು ಆರಂಭಿಸಿದ್ದು ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿಯೇ. ಅದರ ಕೆಳಗೆ ಕೆರೆಯ ಮಣ್ಣು ಹೊತ್ತವರ ಹೆಸರು ಹಾಜರಿಪಟ್ಟಿಗೆ ಏರಿತು, ಕೂಲಿಯ ಲೆಕ್ಕವೂ ಅದರ ಮುಂದೆ ಬಿತ್ತು.