ನದಿಯ ಪರವಾಗಿ ಹಾಡಿದವರು

2016ರ ಸೆಪ್ಟೆಂಬರ್ 12. ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸು, ಲಾರಿಗಳು ಉರಿಯುತ್ತಿದ್ದವು. ಬಿ.ಎ. ಓದುತ್ತಿದ್ದ ನಾನು ಜಯನಗರದಿಂದ ಬನಶಂಕರಿಯ ರೂಮಿಗೆ ನಡೆದೇ ಬಂದೆ. ರೂಮಿನ ಗೆಳೆಯ ತಂಜಾವೂರಿನವನು. ಅಮ್ಮನ ಜೊತೆ ಫೋನಿನಲ್ಲಿ ತಮಿಳು ಮಾತಾಡಲು ಬಚ್ಚಲಮನೆಯ ಬಾಗಿಲು ಹಾಕಿಕೊಂಡಿದ್ದ. ನಮ್ಮದು ಮದ್ದೂರಿನ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಗದ್ದೆ. ಆ ರಾತ್ರಿ ಅವನು ನನಗೊಂದು ಹಾಡು ಕೇಳಿಸಿದ: ಸ್ವರಾತ್ಮ ತಂಡದ ‘ಪ್ಯಾಸಿ’.

ಪ್ಯಾಸಿ ಎಂದರೆ ಬಾಯಾರಿದವಳು. ಕಾವೇರಿ ಜಗಳದಲ್ಲಿ ಕಾವೇರಿಯ ಪಾಡೇನು ಎಂದು ಕೇಳುವ ಹಾಡದು. 2009ರ ಮೊದಲ ಆಲ್ಬಮ್ಮಿನಲ್ಲಿದೆ. ನನಗೆ ಸಿಟ್ಟು ಬಂತು. ಒಣಗಿದ ಗದ್ದೆಯವನಿಗೆ ನದಿಯ ದುಃಖ ಹೇಳುವುದು ಸುಲಭ ಅನ್ನಿಸಿತು.

ರಾಕ್ ತಂಡದ ಮುಂದೆ ನಿಂತು ಹಾಡುವವನಿಂದ ನಾವು ಬಯಸುವುದೇ ಎದುರಾಳಿಯ ಹೆಸರನ್ನು. 1978ರಲ್ಲಿ ಲಂಡನ್ನಿನ ಪಂಕ್ ತಂಡ ‘ದ ಕ್ಲ್ಯಾಶ್’ ಜನಾಂಗದ್ವೇಷದ ವಿರುದ್ಧ ವಿಕ್ಟೋರಿಯಾ ಪಾರ್ಕಿನಲ್ಲಿ ಹಾಡಿತು. ಅದರ ಗಾಯಕ ಜೋ ಸ್ಟ್ರಮ್ಮರ್ ಅವರ ತಂದೆ ಹುಟ್ಟಿದ್ದು ಲಖನೌದಲ್ಲಿ; ಅಣ್ಣ ಡೇವಿಡ್ ಸೇರಿದ್ದು ಬಲಪಂಥೀಯ ನ್ಯಾಷನಲ್ ಫ್ರಂಟನ್ನು. 1970ರಲ್ಲಿ ಅಣ್ಣ ಆತ್ಮಹತ್ಯೆ ಮಾಡಿಕೊಂಡ. ಎದುರಾಳಿ ಮನೆಯೊಳಗೂ ಇರಬಲ್ಲ ಎಂಬುದು ಆ ಗಾಯಕನಿಗೆ ಗೊತ್ತಿತ್ತು.

ಸ್ವರಾತ್ಮದ್ದು ಪಂಕ್ ಅಲ್ಲ, ಜಾನಪದ ರಾಕ್. ಗಾಯಕ ವಾಸು ದೀಕ್ಷಿತ್ ಕೀಲುಕುದುರೆ ತೊಟ್ಟು ವೇದಿಕೆಗೆ ಬಂದವರು. 2012ರ ‘ಟೋಪಿವಾಲೇ’ ಆಲ್ಬಮ್ಮಿನಲ್ಲಿ ರಾಜಕಾರಣಿಗಳನ್ನು ನೇರವಾಗಿಯೇ ಲೇವಡಿ ಮಾಡಿದವರು. ಅವರ ಪತ್ನಿ, ‘ನಾತಿಚರಾಮಿ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಬಿಂದುಮಾಲಿನಿ, ಚೆನ್ನೈನ ಸಂಗೀತದ ಮನೆತನದವರು. ಹಾಡಿನ ನಿಲುವಿಗೆ ಮನೆಯೇ ಕಾರಣ ಎನ್ನಲಾರೆ. ಆದರೆ ಕಾವೇರಿಯ ಎರಡೂ ದಡ ಒಂದೇ ಸೂರಿನಡಿ ಇರುವ ಮನೆಗಳು ಬೆಂಗಳೂರಿನಲ್ಲಿ ಎಷ್ಟೋ ಇವೆ. ಗಲಭೆಯ ದಿನ ಅವರ ಮಾತು ಯಾರಿಗೂ ಬೇಕಾಗುವುದಿಲ್ಲ.

ಈಗ ನನ್ನ ಸಂಶೋಧನೆಗೆ ಕಾವೇರಿ ಕಾಗದಪತ್ರ ಓದುತ್ತಿದ್ದೇನೆ. 1892 ಮತ್ತು 1924ರ ಒಪ್ಪಂದ, 1991ರ ಮಧ್ಯಂತರ ಆದೇಶ, 2007ರ ಅಂತಿಮ ತೀರ್ಪು. 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಪಾಲನ್ನು 192ರಿಂದ 177.25 ಟಿಎಂಸಿಗೆ ಇಳಿಸಿ, ಕರ್ನಾಟಕಕ್ಕೆ ಸೇರಿದ 14.75ರಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿಗೆ ಕೊಟ್ಟಿತು. ಇಲ್ಲೆಲ್ಲ ಹಂಚಿಕೆಯದೇ ಮಾತು, ಹಂಚಿಹೋಗುವವಳದಲ್ಲ. ಆ ಮಾತಿಗೆ ನನಗೆ ಸಿಕ್ಕ ದಾಖಲೆ ಆ ಹಾಡೊಂದೇ.

ನನ್ನ ತಕರಾರು ಪೂರ್ತಿ ಹೋಗಿಲ್ಲ. ನಾಲೆಯ ಕೊನೆಯ ರೈತನ ಲೆಕ್ಕ ಹಾಡಿನಲ್ಲಿಲ್ಲ. ಆದರೆ ಬಚ್ಚಲಮನೆಯಿಂದ ಹೊರಬಂದ ಗೆಳೆಯ ಅಂದು ಕುಡಿದದ್ದೂ ನಾನು ಕುಡಿದದ್ದೂ ಅದೇ ಕೊಡದ ಕಾವೇರಿ ನೀರು.